ಕ್ವಾಡೆವೇನ್ ಅಂದರೆ ಕೆಟ್ಟ ಕೆಸರು

ನಮ್ಮೂರು ಕ್ವಾಡೆವೇನ್. ಡಚ್ಚಿನಲ್ಲಿ ಅದಕ್ಕೆ ಕೆಟ್ಟ ಕೆಸರು ಎಂದರ್ಥ. ಪಕ್ಕದ ಪಟ್ಟಣದವರು ಆ ಹೆಸರನ್ನು ಬೈಗುಳಕ್ಕೂ ಬಳಸುತ್ತಾರೆ. ಯಾರಾದರೂ ದಿವಾಳಿಯೆದ್ದರೆ ‘ಕ್ವಾಡೆವೇನಿಗೆ ಹೋದ’. ಗಂಡನ ಮೇಲೆ ಮುನಿದವಳು ‘ಕ್ವಾಡೆವೇನಿನಲ್ಲಿ ಕೂತಿದ್ದಾಳೆ’. ಕೇಳಿ ಕೇಳಿ ನಮ್ಮ ಕಿವಿ ಮರಗಟ್ಟಿತ್ತು.

ಊರ ಸಂಘದ ಅಧ್ಯಕ್ಷ ಸೀಬ್ರಂಡ್ ಹುಕೆಮಾನ ಕಿವಿ ಮಾತ್ರ ಮರಗಟ್ಟಿರಲಿಲ್ಲ. ತನ್ನ ಹುಲ್ಲುಗಾವಲಿನಲ್ಲಿ ಹನ್ನೆರಡು ಮನೆ ಕಟ್ಟಿ ಮಾರಲು ಹೊರಟಿದ್ದ. ಊರಿನ ಹೆಸರು ಕೇಳಿದ ಕೂಡಲೇ ಗಿರಾಕಿಗಳು ಫೋನ್ ಇಡುತ್ತಿದ್ದರು. ಹುಕೆಮಾ, ನಲವತ್ತು ವರ್ಷದಿಂದ ಸುತ್ತಲಿನ ಹೊಲಗದ್ದೆಗಳ ಹಳೆಯ ಹೆಸರುಗಳನ್ನು ಬರೆದಿಡುತ್ತಿದ್ದ ಟ್ರೈನ್ಚೆ ಟೀಚರ್ ಬಳಿ ಹೋದ. ಅವನಿಗೆ ಅಕ್ಷರ ಕಲಿಸಿದವರೂ ಅವರೇ.

“ಟೀಚರ್, ಈ ಹೆಸರಿಗೆ ಬೇರೆ ಅರ್ಥ ಹುಡುಕಿಕೊಡಿ. ಕ್ವಾಡೋ ಅಂತ ಯಾರೋ ವೀರ ಇದ್ದಿರಬಹುದಲ್ವಾ?”

“ಇದ್ದಿದ್ರೆ ಅವನೂ ಮುಳುಗಿರ್ತಿದ್ದ ಕಣೋ. ಹಿಂದಿನೋರು ಕಾಲಿಟ್ಟು ನೋಡಿದ್ರು, ಹೂತುಹೋಯ್ತು. ಮಕ್ಕಳಿಗೆ ಗೊತ್ತಿರಲಿ ಅಂತ ಹೆಸರಿಟ್ಟು ಹೋದ್ರು. ಚಳಿಗಾಲದಲ್ಲಿ ದನಾನೇ ಅಲ್ಲಿ ನಿಲ್ಲಲ್ಲ, ನೀನು ಮನೆ ನಿಲ್ಲಿಸ್ತೀಯಾ?”

“ನಿಮಗೆ ವಯಸ್ಸಾಯ್ತು ಬಿಡಿ.”

“ನನಗೆ ಆಯ್ತು. ನಿನಗೆ ಬುದ್ಧಿ ಯಾವಾಗ ಬರುತ್ತೆ?”

ಹುಕೆಮಾ ಮನೆಗೆ ಹೋಗಿ ತಾನೇ ವೀರನನ್ನು ಹುಟ್ಟಿಸಿದ. ಬಡವರಿಗೆ ಭೂಮಿ ಹಂಚಿದ ಸರದಾರ ಕ್ವಾಡೋ ಕರಪತ್ರಗಳಲ್ಲಿ ಕುದುರೆಯೇರಿ ಬಂದ. ಮುಖ ಹುಕೆಮಾನದೇ, ಸ್ವಲ್ಪ ಹೆಚ್ಚು ಕೂದಲು. ಈ ಚರಿತ್ರೆಗೆ ಒಪ್ಪಿಗೆ ಪಡೆಯಲು ಸಂಘದ ಸಭೆ ಸೇರಿತು. ಸೇಬಿನ ಕೇಕು ಬಿಟ್ಟಿಯಾಗಿತ್ತು. ಟೀಚರ್ ಒಬ್ಬರನ್ನು ಬಿಟ್ಟು ಎಲ್ಲರೂ ಕೈ ಎತ್ತಿದೆವು. ನಾನು ಎರಡನೆಯ ತುಂಡು ತಿನ್ನುತ್ತಿದ್ದೆ, ಎಡಗೈ ಎತ್ತಿದೆ.

ಮನೆಗಳು ಮೂರೇ ವಾರದಲ್ಲಿ ಮಾರಾಟವಾದವು. ಕೆಸರಿನಡಿಯ ಗಟ್ಟಿ ನೆಲದವರೆಗೆ ಇಳಿಸಬೇಕಾದ ಅಡಿಪಾಯದ ಕಂಬಗಳನ್ನು ಹುಕೆಮಾ ಖರ್ಚು ಉಳಿಸಲು ಗಿಡ್ಡ ಮಾಡಿಸಿದ್ದು ಮೂರನೆಯ ಚಳಿಗಾಲದಲ್ಲಿ ಗೊತ್ತಾಯಿತು. ಬಾಗಿಲುಗಳು ಮುಚ್ಚಲಿಲ್ಲ. ಮೇಜಿನ ಮೇಲಿಟ್ಟ ದುಂಡನೆಯ ಚೀಸು ತಾನಾಗಿ ಉರುಳಿ ಕಿಟಕಿ ಸೇರುತ್ತಿತ್ತು. ಮನೆ ಕೊಂಡವರು ಕೋರ್ಟಿಗೆ ಹೋದರು. ಟೀಚರ್ ಊರಿನ ಹೆಸರಿನ ಅರ್ಥ ಬರೆದಿಟ್ಟಿದ್ದ ತಮ್ಮ ಹಳೆಯ ನೋಟುಪುಸ್ತಕವನ್ನು ಅವರ ಕೈಗೆ ಕೊಟ್ಟರು.

ಹುಕೆಮಾ ಓಡಿಬಂದ. “ಟೀಚರ್, ಆ ಹೆಸರಿಗೆ ಬೇರೆ ಅರ್ಥಾನೂ ಉಂಟು ಅಂತ ಕೋರ್ಟಲ್ಲಿ ಒಂದು ಮಾತು ಹೇಳಿ.”

“ಎಷ್ಟೋ ಅರ್ಥ ಉಂಟಪ್ಪ. ಮಣ್ಣಿಗೆ ಮಾತ್ರ ಒಂದೇ ಗೊತ್ತು.”

ಮನೆಗಳನ್ನೆಲ್ಲ ಹುಕೆಮಾನೇ ತನ್ನ ಖರ್ಚಿನಲ್ಲಿ ಎತ್ತಿ ನಿಲ್ಲಿಸಿಕೊಡಬೇಕೆಂದು ತೀರ್ಪಾಯಿತು. ಹುಕೆಮಾ ತೋಟ, ಟ್ರ್ಯಾಕ್ಟರು ಎಲ್ಲ ಮಾರಿ ತಂಗಿಯ ಮನೆ ಸೇರಿದ.

ಟೀಚರ್ ಈಗಲೂ ಬೆಳಿಗ್ಗೆ ಬೇಕರಿಗೆ ಬರುತ್ತಾರೆ. ಸಾಲಿನಲ್ಲಿ ನಿಂತ ನಾವು ನೆಲ ನೋಡುತ್ತೇವೆ. ಅವರು ಬ್ರೆಡ್ ಕೊಂಡು, ಎಲ್ಲರ ಆರೋಗ್ಯ ವಿಚಾರಿಸಿ ಹೋಗುತ್ತಾರೆ. ಒಂದು ಸಲ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.