ಏಪ್ರನ್ ಜೇಬಿನ ಪೊಟ್ಟಣ

ಕೈ ಒರೆಸಿಕೊಳ್ಳಲೆಂದು ಪ್ರೆಶರಕ್ಕ ಏಪ್ರನ್ನಿನ ಜೇಬಿನಿಂದ ಬಟ್ಟೆ ಎಳೆದಾಗ, ಅದರ ಜೊತೆಗೆ ಮಡಿಸಿದ ಬಿಳಿ ಕಾಗದದ ಪೊಟ್ಟಣವೊಂದು ಬಂದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಮೇಲೆ ಲ್ಯಾಬಿನಲ್ಲಿ ಡಾಕ್ಟರೇಟಿಗೆ ಓದುವ ಹುಡುಗಿಯ ಗುಂಡು ಅಕ್ಷರ: 'ಸೋಮವಾರ, ಐವತ್ತು ಮಿಲಿಗ್ರಾಂ.' ಬಿಚ್ಚಿ ನೋಡಿದಳು. ಇಟ್ಟಿಗೆ ಬಣ್ಣದ ಪುಡಿ ಒಂದು ಕಣವೂ ಚೆಲ್ಲದೆ ಹಾಗೇ ಕೂತಿತ್ತು.

ಅವತ್ತು ಮಂಗಳವಾರ. ಸೋಮವಾರದ ಪುಡಿ ಸೋಮವಾರ ಬೆಳಿಗ್ಗೆಯೇ ಉಕ್ಕಿನ ಪಾತ್ರೆಯೊಳಗೆ ಹೋಗಬೇಕಾಗಿತ್ತು.

ಗೋಡೆಯಾಚೆ ಲ್ಯಾಬಿನ ದೊಡ್ಡ ಕೋಣೆಯಲ್ಲಿ ನಗು, ಕುರ್ಚಿ ಎಳೆದಾಡುವ ಸದ್ದು. ಹುಡುಗಿ ಎಲ್ಲರಿಗೂ ಬಿಸ್ಕತ್ತು ಹಂಚುತ್ತಿದ್ದಳು. ಸೋಮವಾರದ ಪ್ರಯೋಗದ ಫಲಿತಾಂಶ ಈಗಷ್ಟೇ ಯಂತ್ರದಿಂದ ಬಂದಿತ್ತು: ಹಾಕಿದ ದ್ರವದಲ್ಲಿ ನೂರಕ್ಕೆ ತೊಂಬತ್ತೆರಡು ಪಾಲು ಬೇಕಾದ ರಾಸಾಯನಿಕವಾಗಿತ್ತು. ಸತತ ಒಂಬತ್ತನೆಯ ಸಲ ತೊಂಬತ್ತರ ಮೇಲೆ.

ಪ್ರೆಶರಕ್ಕ ಎಂಬ ಹೆಸರು ಅವಳಿಗೆ ಬಿದ್ದದ್ದು ಅವಳು ನೋಡಿಕೊಳ್ಳುವ ಒತ್ತಡದ ಪಾತ್ರೆಯಿಂದಲೋ ಅವಳ ಸಿಟ್ಟಿನಿಂದಲೋ ಎಂಬ ವಿಷಯದಲ್ಲಿ ಲ್ಯಾಬಿನಲ್ಲಿ ಇನ್ನೂ ಒಮ್ಮತವಿಲ್ಲ. ಹತ್ತೊಂಬತ್ತು ವರ್ಷದಿಂದ ಗ್ಯಾಸಿನ ಕೋಣೆ ಅವಳದು. ಸಿಲಿಂಡರು ಕಟ್ಟುವುದು, ಪಾತ್ರೆಗೆ ದ್ರವ ಮತ್ತು ಪುಡಿ ಹಾಕಿ ಮುಚ್ಚಳದ ಎಂಟು ಬೋಲ್ಟು ಬಿಗಿಯುವುದು, ಇಂಗಾಲದ ಡೈಆಕ್ಸೈಡ್ ತುಂಬಿ ಬಿಸಿಗಿಡುವುದು, ಮಾರನೆಯ ದಿನ ಬಿಚ್ಚುವುದು. ಡಾಕ್ಟರೇಟಿಗೆ ಓದುವವರು ಬರುತ್ತಾರೆ, ಹೋಗುತ್ತಾರೆ. ಬೋಲ್ಟು ಬಿಗಿಯುವ ಕೈ ಮಾತ್ರ ಇವಳದೇ.

ಈ ಹುಡುಗಿ ನಾಲ್ಕು ವರ್ಷದಿಂದ ಒಂದೇ ಪುಡಿಯ ಬೆನ್ನು ಬಿದ್ದಿದ್ದಳು. ಅದು ಒಂದು ಬಗೆಯ ಪಾಲಿಮರು, ಅಂದರೆ ಪ್ಲಾಸ್ಟಿಕ್ಕಿನ ದೂರದ ನೆಂಟ. ಮೈತುಂಬ ಕಣ್ಣಿಗೆ ಕಾಣದ ತೂತು. ಒಂದು ಚಮಚ ಪುಡಿಯ ತೂತುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಆಟದ ಮೈದಾನ ಮುಚ್ಚುತ್ತದೆ ಎಂದು ಅವಳು ಹೇಳಿದಾಗ ಪ್ರೆಶರಕ್ಕ, "ಹಾಸಿದ ಮೇಲೆ ಮಡಚೋರು ಯಾರು?" ಎಂದು ಕೇಳಿದ್ದಳು. ಹೊಗೆಕೊಳವೆಗಳು ಉಗುಳುವ ಗ್ಯಾಸು ಆ ತೂತುಗಳೊಳಗೆ ನುಗ್ಗಿ, ಅಲ್ಲಿರುವ ದ್ರವದ ಜೊತೆ ಕೂಡಿಕೊಂಡು, ಬ್ಯಾಟರಿಗೆ ಬೇಕಾಗುವ ರಾಸಾಯನಿಕವಾಗುತ್ತದೆ. ಪುಡಿ ಮಾತ್ರ ಹೇಗಿತ್ತೋ ಹಾಗೇ ಉಳಿಯುತ್ತದೆ. ಪ್ರೆಶರಕ್ಕ ಇದನ್ನು ಮನೆಯಲ್ಲಿ ಹೇಳಿದಾಗ ಅವಳ ಗಂಡ, ದರ್ಜಿ, ಹೊಲಿಗೆ ನಿಲ್ಲಿಸದೆ ಹೇಳಿದ್ದ: "ಅಂದ್ರೆ ಸೂಜಿ ಇದ್ದಂಗೆ. ಎರಡು ಬಟ್ಟೆ ಕೂಡಿಸುತ್ತೆ, ತಾನು ಬಟ್ಟೇಲಿ ಉಳಿಯಲ್ಲ. ಇದನ್ನ ಕಂಡುಹಿಡಿಯೋಕೆ ನಾಲ್ಕು ವರ್ಷ ಬೇಕಾ?"

ಹುಡುಗಿಯ ಹೆಮ್ಮೆಯೆಲ್ಲ ಇದ್ದದ್ದು ಇಷ್ಟರಲ್ಲೇ: ಲೋಹ ಬೇಡ, ಸಹಾಯಕ್ಕೆ ಬೇರೆ ಉಪ್ಪು ಬೇಡ, ಪುಡಿ ಒಂದೇ ಸಾಕು. ಹತ್ತು ದಿನದಲ್ಲಿ ಪ್ರಬಂಧ ಪರೀಕ್ಷಕರಿಗೆ ಹೋಗಬೇಕಾಗಿತ್ತು.

"ಅಕ್ಕಾ, ನಿಮ್ಮ ಪಾಲು," ಎನ್ನುತ್ತಾ ಹುಡುಗಿ ಒಳಗೆ ಬಂದಳು. ಪ್ರೆಶರಕ್ಕ ಪೊಟ್ಟಣವನ್ನು ಮುಷ್ಟಿಯಲ್ಲಿ ಅಡಗಿಸಿದಳು.

"ಕೈ ಗಲೀಜಾಗಿದೆ. ಅಲ್ಲಿಡು."

"ಬಾಯಿ ತೆರೀರಿ, ಹಾಕ್ತೀನಿ. ನಿಮ್ಮ ಕೈಗುಣ ಇಲ್ದಿದ್ರೆ ಈ ತೊಂಬತ್ತೆರಡು ಎಲ್ಲಿ ಬರ್ತಿತ್ತು."

ಬಿಸ್ಕತ್ತು ಬಾಯೊಳಗೆ ಹೋಯಿತು.

ಸೋಮವಾರ ಏನಾಗಿತ್ತೆಂದು ಈಗ ಅವಳಿಗೆ ಸ್ಪಷ್ಟವಾಗಿ ನೆನಪಾಯಿತು. ದ್ರವ ಸುರಿದು ಪೊಟ್ಟಣ ಕೈಗೆತ್ತಿಕೊಂಡಿದ್ದಳು. ಆಗ ಸಿಲಿಂಡರಿನವನ ಫೋನು ಬಂತು. ಬರಬೇಕಾದ ಸಿಲಿಂಡರು ಇನ್ನೂ ಎರಡು ದಿನ ಬರುವುದಿಲ್ಲವಂತೆ. ಅವನಿಗೆ ಅವನ ಅಜ್ಜನ ಕಾಲದಿಂದ ಹಿಡಿದು ಹತ್ತು ನಿಮಿಷ ಬೈದಳು. ಬೈಯಲು ಎರಡೂ ಕೈ ಬೇಕಾಗುತ್ತವೆ. ಪೊಟ್ಟಣ ಜೇಬಿಗೆ ಹೋಯಿತು. ಬೈದ ಬಿಸಿಯಲ್ಲೇ ಮುಚ್ಚಳ ಹಾಕಿ ಬೋಲ್ಟು ಬಿಗಿದುಬಿಟ್ಟಳು.

ಊಟಕ್ಕೆ ಹಿಂದಿನ ಬೀದಿಯಲ್ಲಿದ್ದ ಮನೆಗೆ ಹೋದಳು. ಎರಡು ತುತ್ತಿಗೇ ಕೈ ನಿಂತಿತು. ದರ್ಜಿ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲವನ್ನೂ ಕೇಳಿದ. ಆಮೇಲೆ ಒಂದೊಂದಾಗಿ ಸೂಜಿ ತೆಗೆದು ಡಬ್ಬಿಗೆ ಹಾಕಿದ.

"ಪುಡಿ ಹಾಕದೇನೂ ತೊಂಬತ್ತೆರಡು ಬಂತು ಅಂದ್ರೆ, ಪುಡಿ ಏನೂ ಮಾಡ್ತಿಲ್ಲ ಅಂತ ಅರ್ಥನಾ?"

"ಅದೇ ಭಯ. ನಾಲ್ಕು ವರ್ಷ ಆ ಮಗು ಮಣ್ಣು ಹೊತ್ತಂಗಾಯ್ತು."

"ಹೇಳ್ಬೇಡ ಅಂದ್ರೆ ಹೇಳ್ದೆ ಇರ್ತೀಯಾ?"

"ನಾನೇನು ಊರೆಲ್ಲ ಸಾರ್ತೀನಾ?"

"ನಿನ್ನ ಹೊಟ್ಟೇಲಿ ಇಪ್ಪತ್ತಾರು ವರ್ಷದಲ್ಲಿ ಒಂದು ಮಾತು ಸಂಜೆ ತನಕ ನಿಂತಿಲ್ಲ. ಈಗ ಹೋಗಿ ಹೇಳಿದ್ರೆ ಅಜೀರ್ಣನಾದ್ರೂ ತಪ್ಪುತ್ತೆ."

ಅವನ ಮೇಲೆ ರೇಗಿ, ತಟ್ಟೆ ಕುಕ್ಕಿ, ಅವನು ಹೇಳಿದ್ದನ್ನೇ ಮಾಡಲು ಹೊರಟಳು.

ಹುಡುಗಿ ಮೊದಲು ನಂಬಲಿಲ್ಲ. "ಅದು ಬೇರೆ ಪೊಟ್ಟಣ ಇರ್ಬೇಕು ಅಕ್ಕಾ," ಎಂದಳು. ತಕ್ಕಡಿಯಲ್ಲಿಟ್ಟು ತೂಗಿದಳು. ಐವತ್ತು. ಇನ್ನೊಮ್ಮೆ ತೂಗಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು, "ಹಾಗಾದ್ರೆ ಇಷ್ಟು ದಿನ ನನ್ನ ಪುಡಿ ಪಾತ್ರೆಯೊಳಗೆ ಏನ್ ಮಾಡ್ತಿತ್ತು?" ಎಂದು ಕೇಳಿದಳು.

"ಪುಡಿ ಇಲ್ಲದೆ ಒಮ್ಮೆ ಮಾಡಿ ನೋಡಿರಲಿಲ್ವಾ?" ಎಂದು ವಿಷಯ ತಿಳಿದು ಬಂದ ಲ್ಯಾಬಿನ ಮುಖ್ಯಸ್ಥರಾದ ಮೇಷ್ಟ್ರು ಕೇಳಿದರು. ಅವರು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅವರ ಪಾಲಿನದನ್ನೂ ಸೇರಿಸಿ ಪ್ರೆಶರಕ್ಕ ಎತ್ತುತ್ತಿದ್ದಳು.

"ಮಾಡಿದ್ದೆ ಸರ್. ಸೊನ್ನೆ ಬಂದಿತ್ತು. ಆದರೆ ಅದು ಮೊದಲನೇ ವರ್ಷ, ಆ ಚಿಕ್ಕ ಪಾತ್ರೇಲಿ. ದೊಡ್ಡದಕ್ಕೆ ಬಂದ್ಮೇಲೆ ಮಾಡಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನನ್ನದೂ ತಪ್ಪು. ಕೇಳಬೇಕಿತ್ತು. ಪ್ರಬಂಧ ಎರಡು ವಾರ ಮುಂದೂಡೋಣ. ಅಷ್ಟರಲ್ಲಿ ಗೊತ್ತಾಗಬೇಕು. ಪುಡಿ ಕೆಲಸ ಮಾಡಿದ್ರೆ ಕಳಿಸೋಣ. ಮಾಡ್ಲಿಲ್ಲ ಅಂದ್ರೆ..." ಕನ್ನಡಕ ಮತ್ತೆ ಮೂಗಿಗೇರಿಸಿದರು.

ಬೇಕೆಂದೇ ಪುಡಿ ಹಾಕದೆ ಪಾತ್ರೆ ಇಟ್ಟರು. ಎಂಬತ್ತೊಂಬತ್ತು. ಪಾತ್ರೆಯನ್ನು ಆಸಿಡ್ಡಿನಲ್ಲಿ ತೊಳೆದು ಮತ್ತೆ ಇಟ್ಟರು. ಎಂಬತ್ತೇಳು. ಕಲಕುವ ಕಡ್ಡಿ ಹೊಸದು, ಕೊಳವೆ ಹೊಸದು, ದ್ರವದ ಬಾಟಲಿ ಹೊಸದು. ಎಂಬತ್ತೆಂಟು. ಏನೂ ಇಲ್ಲದ ಪಾತ್ರೆ ಹಟ ಹಿಡಿದ ಎಮ್ಮೆಯ ಹಾಗೆ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು.

"ಇನ್ನು ಉಳಿದಿರೋದು ಒಂದೇ," ಎಂದಳು ಹುಡುಗಿ. "ಮುಚ್ಚಳದ ಕೆಳಗಿನ ಸೀಲು."

"ಅದನ್ನ ಮುಟ್ಟಬೇಡ," ಎಂದಳು ಪ್ರೆಶರಕ್ಕ.

ಪಾತ್ರೆಗೂ ಮುಚ್ಚಳಕ್ಕೂ ನಡುವೆ ಕೂರುವ ಆ ರಬ್ಬರಿನ ಬಳೆಯನ್ನು ವರ್ಷಕ್ಕೊಂದು ಸಲ ಬದಲಿಸಬೇಕೆಂದು ಗೋಡೆಯ ಮೇಲೆ ನಿಯಮ ಅಂಟಿಸಿತ್ತು. ಪ್ರೆಶರಕ್ಕ ಆರು ವರ್ಷದಿಂದ ಬದಲಿಸಿರಲಿಲ್ಲ. ಅದಕ್ಕೆ ಮುಂಚೆ ಹಾಕಿದ ಹೊಸ ಸೀಲುಗಳು ಮೊದಮೊದಲು ಸೋರುತ್ತಿದ್ದವು. ಹಳೆಯದು ಒಂದು ಗುಳ್ಳೆಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಬೇರೆ ಲ್ಯಾಬಿನವರು ಬಂದು, "ನಿಮ್ಮ ಪಾತ್ರೆ ಹೇಗೆ ಸೋರಲ್ಲ?" ಎಂದು ಕೇಳಿದಾಗ, "ಬಿಗಿಯೋ ಕೈ ನೋಡಿ" ಎಂದು ತೋರಿಸುತ್ತಿದ್ದ ಕೈ ಇದು. ಹೊಸ ಸೀಲುಗಳೆಲ್ಲ ಅವಳ ಡ್ರಾಯರಿನಲ್ಲಿ ಪ್ಯಾಕೆಟ್ಟು ಒಡೆಯದೆ ಬಿದ್ದಿದ್ದವು.

ಎಂಟು ಬೋಲ್ಟು ಬಿಚ್ಚಿದಳು. ಆಮೇಲೆ ತಾನೇ ಸ್ಕ್ರೂಡ್ರೈವರ್ ತಂದು ಸೀಲನ್ನು ಎಬ್ಬಿಸಿ ಕೈಗೆ ತೆಗೆದುಕೊಂಡಳು. ಅದು ಊದಿಕೊಂಡು, ಮೂಲದ ಬಿಳಿ ಹೋಗಿ ಹಳದಿ ಹಿಡಿದಿತ್ತು. ಕತ್ತರಿಸಿ ಗಾಜಿನ ಜಾಡಿಯಲ್ಲಿ ನೆನೆಹಾಕಿದರು. ಮಾರನೆಯ ದಿನ ಹುಡುಗಿ ಆ ದ್ರವವನ್ನು ಪರೀಕ್ಷಿಸಿ ಓಡಿಬಂದಳು.

"ಉಪ್ಪು ಅಕ್ಕಾ. ನನಗಿಂತ ಮುಂಚೆ ಇದ್ದವರು ಈ ಪಾತ್ರೇಲಿ ಅಯೊಡೈಡ್ ಉಪ್ಪು ಹಾಕಿ ಕೆಲಸ ಮಾಡ್ತಿದ್ರಲ್ಲ, ಅದನ್ನ ನಿಮ್ಮ ಸೀಲು ಕುಡಿದು ಕೂತಿದೆ. ದಿನಾ ಸ್ವಲ್ಪ ಸ್ವಲ್ಪ ಬಿಟ್ಕೊಡ್ತಾ ಇತ್ತು. ಪುಡಿ ಮಾಡ್ಬೇಕಾದ ಕೆಲಸನ ಆ ಉಪ್ಪೇ ಮಾಡ್ತಿತ್ತು. ಉಪ್ಪು ತಿಂದಿದ್ದು ಅದು, ನೀರು ಕುಡೀತಿರೋದು ನಾನು."

ಪ್ರೆಶರಕ್ಕ ಡ್ರಾಯರು ಎಳೆದು ಆರು ಪ್ಯಾಕೆಟ್ಟುಗಳನ್ನು ಮೇಜಿನ ಮೇಲೆ ಹರವಿದಳು. "ವರ್ಷಕ್ಕೊಂದು ಬಂದಿತ್ತು. ಒಂದನ್ನೂ ಹಾಕಿಲ್ಲ. ತಪ್ಪು ನಂದು. ಬೈ."

ಹುಡುಗಿ ಪ್ಯಾಕೆಟ್ಟುಗಳನ್ನು ನೋಡಿದಳು. ಮುಖ ಕೆಂಪಾಯಿತು. "ನೀವು ಮಾಡಿದ್ದು ಸರಿಯಿಲ್ಲ ಅಕ್ಕಾ."

"ಇಷ್ಟೇನಾ?"

"ತುಂಬಾ ಬೇಜವಾಬ್ದಾರಿ."

"ಆರು ವರ್ಷದ ತಪ್ಪಿಗೆ ಇದೊಂದು ಬೈಗುಳನಾ? ಸಿಲಿಂಡರಿನವನು ಎರಡು ದಿನ ತಡ ಮಾಡಿದ್ದಕ್ಕೆ ನಾನು ಅವನಿಗೆ ಏನೇನಂದೆ ಗೊತ್ತಾ? ಹೊಟ್ಟೆಯಿಂದ ಬರ್ಬೇಕು. ಎದ್ದು ನಿಂತ್ಕೊ."

ಹುಡುಗಿ ಎದ್ದು ನಿಂತಳು. ಉಸಿರು ಎಳೆದುಕೊಂಡಳು. "ನೀವೊಂದು ಹಳೇ ರಬ್ಬರು," ಎಂದು ಕಿರುಚಿದಳು. ಬಾಗಿಲಲ್ಲಿ ಮೇಷ್ಟ್ರ ತಲೆ ಕಾಣಿಸಿಕೊಂಡು ತಕ್ಷಣ ಮಾಯವಾಯಿತು. ಪ್ರೆಶರಕ್ಕ ಸ್ವಲ್ಪ ಹೊತ್ತು ಯೋಚಿಸಿ, "ಇದು ಪರವಾಗಿಲ್ಲ," ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹುಡುಗಿ ನಗುತ್ತಲೇ ಅತ್ತಳು. ಪ್ರೆಶರಕ್ಕ ಅವಳ ಬೆನ್ನಿನ ಮೇಲೆ ಎರಡು ಗುದ್ದು ಹಾಕಿದಳು. ಸಮಾಧಾನ ಮಾಡುವ ಬೇರೆ ವಿಧಾನ ಅವಳಿಗೆ ಗೊತ್ತಿರಲಿಲ್ಲ.

ಆದರೆ ಹೊಸ ಸೀಲು ಕೂರಲಿಲ್ಲ. ಬಿಗಿದು ಗ್ಯಾಸು ತುಂಬಿ, ಅಂಚಿಗೆ ಬ್ರಷ್ಷಿನಿಂದ ಸಾಬೂನು ನೀರು ಹಚ್ಚಿದರೆ, ಒಂದು ಕಡೆ ಮೀನಿನ ಕಣ್ಣಿನಂಥ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಸೀಲು ಕೂರುವ ಹಳ್ಳಕ್ಕೆ ಪ್ರೆಶರಕ್ಕ ಟಾರ್ಚು ಬಿಟ್ಟು, ಉಗುರು ಆಡಿಸಿ ನೋಡಿದಳು. ಕೂದಲೆಳೆಯಂಥ ಒಂದು ಗೀರು. ಊದಿಕೊಂಡ ಹಳೆಯ ಸೀಲು ಅದನ್ನು ಆರು ವರ್ಷ ಮುಚ್ಚಿಟ್ಟಿತ್ತು. ಇಷ್ಟು ದಿನ ತೋರಿಸಿಕೊಂಡು ಬಂದ ತನ್ನ ಕೈಯನ್ನು ಅವಳು ಒಮ್ಮೆ ನೋಡಿಕೊಂಡಳು. ಆಮೇಲೆ ಲೋಹ ನುಣುಪು ಮಾಡುವ ಪೇಸ್ಟು ತಂದು ತೋರುಬೆರಳಿಗೆ ಬಟ್ಟೆ ಸುತ್ತಿ ಉಜ್ಜಲು ಕೂತಳು. ಎರಡು ದಿನ ಉಜ್ಜಿದಳು. ಮೊದಲ ದಿನವೇ ಬೆರಳ ತುದಿ ಬೆಂದಂತಾಗಿ, ಮನೆಯಲ್ಲಿ ಊಟಕ್ಕೆ ಚಮಚ ಕೇಳಿದಾಗ ದರ್ಜಿ ಹೊಲಿಯುವಾಗ ಬೆರಳಿಗೆ ಹಾಕುವ ತನ್ನ ಅಂಗುಸ್ತಾನ ತಂದು ಮುಂದಿಟ್ಟ. "ಲೋಹದ ಟೋಪಿ. ಹಾಕ್ಕೊಂಡು ಉಜ್ಜು," ಎಂದ. ಬೈಯಲು ಬಾಯಿ ತೆರೆದವಳು ಅದನ್ನು ಹಾಕಿ ನೋಡಿದಳು. ಸರಿಯಾಗಿ ಕೂತಿತು.

ನಾಲ್ಕನೆಯ ಸೀಲು ಕೂತಿತು. ಪುಡಿ ಹಾಕದೆ ಪಾತ್ರೆ ಇಟ್ಟರು. ಇಡೀ ದಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಕದಲಲಿಲ್ಲ. ಮರುದಿನ ಯಂತ್ರ ಸೊನ್ನೆ ಎಂದಿತು. ಸೊನ್ನೆ ಬಂದದ್ದಕ್ಕೆ ಚಪ್ಪಾಳೆ ತಟ್ಟಿದ ಲ್ಯಾಬು ಬಹುಶಃ ಇದೊಂದೇ. ಹುಡುಗಿ ಮಾತ್ರ ತಟ್ಟಲಿಲ್ಲ. ಅವಳ ಪುಡಿಗೆ ಈಗ ಬೆನ್ನ ಹಿಂದೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಪುಡಿಯನ್ನು ಅವಳೇ ಹಾಕಿದಳು. ಖಾಲಿ ಕಾಗದವನ್ನು ಪ್ರೆಶರಕ್ಕನಿಗೆ ಎರಡೂ ಬದಿ ತಿರುಗಿಸಿ ತೋರಿಸಿದಳು. ಬೋಲ್ಟು ಬಿಗಿದಾಯಿತು. ಗ್ಯಾಸು ತುಂಬಿತು, ಬಿಸಿ ಅರವತ್ತು ಡಿಗ್ರಿಗೆ ಏರಿತು. ಮುಳ್ಳು ಇಪ್ಪತ್ತೆರಡಕ್ಕೆ ಹೋಗಿ ನಿಂತಿತು. ಇಬ್ಬರೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರು.

"ಇಳೀಬೇಕು ಅಲ್ವಾ?" ಎಂದಳು ಪ್ರೆಶರಕ್ಕ.

"ಪುಡಿ ಗ್ಯಾಸನ್ನ ಕೆಲಸಕ್ಕೆ ಹಚ್ಚಿದ್ರೆ ಇಳೀಬೇಕು."

ಅರ್ಧ ಗಂಟೆ ಮುಳ್ಳು ನಿಂತಲ್ಲೇ ನಿಂತಿತ್ತು. ಹುಡುಗಿ ಉಗುರು ಕಚ್ಚಲು ಶುರುಮಾಡಿದಳು. ಮೇಷ್ಟ್ರು ಏನೋ ಹುಡುಕುವವರಂತೆ ಒಳಗೆ ಬಂದು, ಏನೂ ಹುಡುಕದೆ ಹೋದರು. ಮುಕ್ಕಾಲು ಗಂಟೆಯಾಯಿತು.

"ಅಕ್ಕಾ," ಎಂದಳು ಹುಡುಗಿ ಪಿಸುದನಿಯಲ್ಲಿ. "ಗೆರೆಯಿಂದ ಕೆಳಗೆ ಬಂದಿದೆ."

ಪ್ರೆಶರಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಬಂದಿತ್ತು. "ಈಗಲೇ ಕುಣೀಬೇಡ. ಸೋರಿದ್ರೂ ಹೀಗೇ ಇಳಿಯುತ್ತೆ. ಗುಳ್ಳೆ ಏಳದಿದ್ರೆ ಮಾತ್ರ ಇದು ನಿನ್ನ ಪುಡಿ ಕೆಲಸ."

ಸಾಬೂನು ನೀರಿನ ಬಟ್ಟಲು ತಂದಳು. ಬ್ರಷ್ಷು ಅದ್ದಿ ಮುಚ್ಚಳದ ಅಂಚಿನುದ್ದಕ್ಕೂ, ಎಂಟು ಬೋಲ್ಟಿನ ಸುತ್ತ, ಕೊಳವೆ ಕೂಡುವ ಕಡೆ ದಪ್ಪಗೆ ಹಚ್ಚಿದಳು. ಬಿಸಿ ಉಕ್ಕಿನ ಮೇಲೆ ಸಣ್ಣಗೆ ಹಬೆ ಎದ್ದಿತು. ಇಬ್ಬರೂ ಸ್ಟೂಲು ಬಿಟ್ಟು ನೆಲದ ಮೇಲೆ ಮಂಡಿಯೂರಿ, ಮೂಗು ತಗಲುವಷ್ಟು ಹತ್ತಿರ ಹೋಗಿ ಕೂತರು.

"ಇಲ್ಲಿ?"

"ಅದು ಬ್ರಷ್ಷಿನ ನೊರೆ. ಬೆಳೆಯುತ್ತಾ ನೋಡು."

ಬೆಳೆಯಲಿಲ್ಲ. ಹುಡುಗಿ ಅಂಚಿನ ಆ ಬದಿಯಿಂದ, ಪ್ರೆಶರಕ್ಕ ಈ ಬದಿಯಿಂದ, ಬೆರಳಗಲ ಬೆರಳಗಲ ದಾಟುತ್ತಾ ಒಂದು ಸುತ್ತು ಬಂದರು. ಮತ್ತೆ ನೀರು ಹಚ್ಚಿದರು, ಮತ್ತೊಂದು ಸುತ್ತು ಬಂದರು. ಮೇಲೆ ಮುಳ್ಳು ಇನ್ನೊಂದು ಗೆರೆ ಇಳಿದಿತ್ತು. ಕಿಟಕಿಯ ಬೆಳಕು ಬಿದ್ದಿದ್ದ ಕಡೆ ಸಾಬೂನಿನ ಪೊರೆ ಬೋಲ್ಟಿನಿಂದ ಬೋಲ್ಟಿಗೆ ತೆಳ್ಳಗೆ ಹಬ್ಬಿ ಬಣ್ಣಬಣ್ಣವಾಗಿತ್ತು. ಎಲ್ಲೂ ಉಬ್ಬಲಿಲ್ಲ, ಒಡೆಯಲಿಲ್ಲ. ಅಂಚಿನಿಂದ ನಿಧಾನವಾಗಿ ಒಣಗುತ್ತಾ ಬಂತು.