ಹಿಂದಿನ ಸೀಟಿನ ತೂಕ

"ಏ ಅಮೀರ್ಯಾ, ಇಳಿ ಕೆಳಗ! ಮೂಟಿ ಆಗಾಕೂ ಲಾಯಕ್ಕಿಲ್ಲಲೇ ನೀ!"

ಮುಂಬಯಿ ಕಾಂದಿವಲಿಯ ಕಾರ್ ಕಾರ್ಖಾನೆಯ ಎಂಜಿನಿಯರ್ ಗುರಲಿಂಗಪ್ಪ ಹೀಗೆ ಒದರಿದ್ದು ದಿಲ್ಲಿಯಿಂದ ಬಂದ ಸಾಹೇಬರ ಎದುರಿಗೆ. ಅಮೀರಸಾಬ ಇಳಿದ. ಹೊಸ ಕಾರಿನ ಪರೀಕ್ಷೆಗೆ ಹಿಂದಿನ ಸೀಟಿನಲ್ಲಿ ಭಾರವಾಗಿ ಕೂರುವುದೇ ಅವನ ಕೆಲಸ. ಉಸುಕಿನ ಚೀಲ ಹೊರಲು ಹಮಾಲರು ಬೇಕು; ಬಾಗಲಕೋಟೆ ಕಡೆಯ ಮಂದಿಯಾದರೆ ತಾವೇ ಹತ್ತುತ್ತಾರೆ, ತಾವೇ ಇಳಿಯುತ್ತಾರೆ. ಈ ಪರೀಕ್ಷೆ ಮುಗಿದರೆ ಡ್ರೈವರ್ ಕೆಲಸ, ಅದೂ ಪರ್ಮನೆಂಟ್, ಎಂದು ಗುರಲಿಂಗಪ್ಪನೇ ಮಾತು ಕೊಟ್ಟಿದ್ದ.

ಕಾರು ರಸ್ತೆಗಿಳಿಯುವ ಮೊದಲೇ ಅದು ಎಷ್ಟು ಬೇಗ ವೇಗ ಹಿಡಿಯುತ್ತದೆಂದು ಅವನು ಕಂಪ್ಯೂಟರಿನಿಂದ ಲೆಕ್ಕ ತೆಗೆಸಿದ್ದ. ಎಂಜಿನ್ನಿನ ಶಕ್ತಿ, ಗಾಲಿಯ ಅಳತೆ, ಕೂತವರ ತೂಕ, ಎಲ್ಲ ಅದರೊಳಗಿತ್ತು. ಆದರೆ ಇವತ್ತು ಕಾರು ಲೆಕ್ಕಕ್ಕಿಂತ ಮುಂಚೆಯೇ ವೇಗ ಹಿಡಿದುಬಿಟ್ಟಿತು. ದಿಲ್ಲಿಯವರು ಮುಖ ಮುಖ ನೋಡಿಕೊಂಡರು.

"ಭಾರ ಕಡಿಮಿ ಆಗೈತಿ," ಎಂದು ಗುರಲಿಂಗಪ್ಪ ಗೋದಾಮಿನ ತೂಕದ ಕಾಟಾ ತರಿಸಿ ಅಮೀರಸಾಬನನ್ನು ಹತ್ತಿಸಿದ. ಮುಳ್ಳು ಲೆಕ್ಕದ ತೂಕಕ್ಕಿಂತ ಹಿಂದೆ ಬಿದ್ದಿತ್ತು.

"ರಮಜಾನ್ ರೋಜಾ ಹಿಡದಾನ್ರಿ ಸಾಹೇಬ್ರ," ಎಂದ ಕಾರು ಓಡಿಸುತ್ತಿದ್ದ ಅಣವೀರಪ್ಪ. ಮಲಾಡಿನ ಚಾಳಿನಲ್ಲಿ ಇಬ್ಬರದೂ ಒಂದೇ ಖೋಲಿ. "ಹಗಲೆಲ್ಲಾ ಉಗುಳೂ ನುಂಗಂಗಿಲ್ಲ. ಹಂಗಾಗಿ ಒಣಗ್ಯಾನ."

"ನನ್ನ ಲೆಕ್ಕಾ ಕೆಡಿಸಿ ಸ್ವರ್ಗಕ್ಕ ಹೊಂಟೀಯೇನಲೇ? ನೀರ ಕುಡಿ. ಮುಳ್ಳು ಮೊದಲಿನ ಜಾಗಕ್ಕ ಬರೂತನಾ ಕುಡಿ."

"ತೊಡಿ ಮ್ಯಾಲ ಉಸುಕಿನ ಚೀಲಾ ಇಟ್ಕೋತೀನ್ರಿ, ಸಾಹೇಬ್ರ."

"ಕಂಪ್ಯೂಟರಿಗೆ ಮನಷ್ಯಾನ ತೂಕ ಹೇಳೇನಿ, ಚೀಲದ್ದಲ್ಲ. ಡ್ರೈವರ್ ಆಗೂದೈತೋ ಇಲ್ಲೋ?"

ಅಣವೀರಪ್ಪ ಓಡಿಹೋಗಿ ಬಕೀಟು ತಂದ. ಅಮೀರಸಾಬ ಕಾಟಾದ ಮೇಲೆ ನಿಂತೇ ಕುಡಿದ. ಮೊದಲ ಗುಟುಕಿಗೇ ರೋಜಾ ಮುರಿಯಿತು; ಮಿಕ್ಕ ನೀರೆಲ್ಲ ಕಾಟಾಕ್ಕೆ. ಮೂಗಿನಿಂದ ನೀರು ಚಿಮ್ಮಿದಾಗ ಯಾರೋ ಚಪ್ಪಾಳೆ ತಟ್ಟಿದರು.

ಕಾರು ಮತ್ತೆ ಓಡಿತು. ಈ ಸಲವೂ ಲೆಕ್ಕಕ್ಕಿಂತ ಮುಂಚೆಯೇ ವೇಗ ಹಿಡಿಯಿತು.

ದಿಲ್ಲಿಯವನೊಬ್ಬ ಹಾರಾಡುತ್ತಿದ್ದ ತನ್ನ ಟೈ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಗುರಲಿಂಗಪ್ಪ ಹಣೆ ಬಡಿದುಕೊಂಡು ನಕ್ಕ.

"ಹೌದಲ್ಲ! ಸಮುದ್ರದ ಖಾಡಿ ಕಡೆಯಿಂದ ಗಾಳಿ ಬೆನ್ನಿಗಿ ಹೊಡ್ಯಾಕತ್ತೈತಿ. ಅದನ್ನ ಲೆಕ್ಕಕ್ಕ ಹಿಡೀಲೇ ಇಲ್ಲ ನಾನು."

ಸಾಹೇಬರೆಲ್ಲ ನಕ್ಕರು. ಅಮೀರಸಾಬ ಕಾರಿನಿಂದ ಇಳಿದವನೇ ಗಾಲಿಯ ಪಕ್ಕ ಕೂತು ಗಳಗಳನೆ ಕಾರಿಕೊಂಡ.

"ಡ್ರೈವರ್ ಆಗ್ತಾನಂತ, ಹಿಂದ ಕುಂತು ವಾಂತಿ ಮಾಡ್ಕೊಳ್ಳಾಂವ! ನಾಳಿಂದ ಇವನ್ನ ಒಳಗ ಬಿಡಬ್ಯಾಡ್ರಿ," ಎಂದು ಗುರಲಿಂಗಪ್ಪ ಸಾಹೇಬರನ್ನು ಊಟಕ್ಕೆ ಕರೆದುಕೊಂಡು ಹೋದ.

ಅಣವೀರಪ್ಪ ಹತ್ತಿರ ಬಂದ. "ಹೆಂಗೂ ರೋಜಾ ಮುರದೈತಿ. ಬಾರೋ ದೋಸ್ತಾ, ಚಾ ಕುಡಿಯೂಣು."

ಅಮೀರಸಾಬ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಅವನನ್ನು ದಾಟಿ, ಗೇಟಿನತ್ತ ನಡೆದುಹೋದ.