ಗುಂಯ್ ಎನ್ನದ ಡಬ್ಬಿ

ಗುಂಯ್ ಎನ್ನಬೇಕಿತ್ತು, ಎನ್ನಲಿಲ್ಲ. ಅಕ್ಕ ನೆಲದ ಮೇಲೆ ಮಂಡಿಯೂರಿ ಡಬ್ಬಿಯ ಬೆನ್ನಿಗೆ ಕೊನೆಯ ಕೇಬಲ್ ಚುಚ್ಚಿದ್ದಳು. ಗಿಟಾರಿನ ದನಿ ದೊಡ್ಡದು ಮಾಡುವ ಎರಡು ಆಂಪ್‌ಗಳೂ ಆನ್ ಆಗಿದ್ದವು. ಒಂದು ತಮ್ಮನಿಗಿಂತ ವಯಸ್ಸಾದದ್ದು, ಒಳಗೆ ಗಾಜಿನ ವಾಲ್ವ್‌ಗಳು ಕೆಂಪಗೆ ಉರಿಯುವಂಥದ್ದು; ಇನ್ನೊಂದು ಈಚೆಗೆ ಕೊಂಡ ಚಿಕ್ಕದು. ತಮ್ಮ ಗಿಟಾರಿನ ವಾಲ್ಯೂಮನ್ನು ಪೂರ್ತಿ ತಿರುಗಿಸಿ ತಂತಿಗಳ ಮೇಲೆ ಅಂಗೈ ಇಟ್ಟು ನಿಂತ. ಅಭ್ಯಾಸದ ಷೆಡ್ಡಿನಲ್ಲಿ ಕೇಳಿಸುತ್ತಿದ್ದುದು ಫ್ಯಾನಿನ ಸದ್ದು ಮಾತ್ರ.

"ಎಂಥಾ ಕೈಗುಣ ಅಕ್ಕ ನಿಂದು," ಎಂದ ತಮ್ಮ. "ಇಷ್ಟು ನಿಶ್ಶಬ್ದ ನಾನು ಸ್ಟುಡಿಯೋದಲ್ಲೂ ಕೇಳಿಲ್ಲ."

ಡ್ರಮ್ಮಿನವನು ಕೋಲುಗಳನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಅಕ್ಕನಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಒಂದೊಂದು ಆಂಪಿಗೂ ಅದರದೇ ಪ್ಲಗ್, ಒಂದೊಂದು ಪ್ಲಗ್ಗಿನಿಂದಲೂ ಒಂದು ಹಸಿರು ವಯರ್ ನೆಲಕ್ಕೆ ಇಳಿಯುತ್ತದೆ. ಅರ್ತ್ ಎನ್ನುವುದು ಅದಕ್ಕೇ. ಕರೆಂಟು ಹಾದಿ ತಪ್ಪಿದರೆ ಮನುಷ್ಯನ ಮೈ ಬಿಟ್ಟು ಆ ವಯರಿನಲ್ಲಿ ಇಳಿದುಹೋಗಲಿ ಎಂದು. ಹೀಗೆ ನೆಲ ಮುಟ್ಟಿದ ಎರಡನ್ನೂ ಒಂದೇ ಡಬ್ಬಿಗೆ ತಂದು ಕೂಡಿಸಿದರೆ ವಯರುಗಳೆಲ್ಲ ಸೇರಿ ಒಂದು ಸುತ್ತು ಆಗುತ್ತದೆ, ಸ್ಪೀಕರಿನೊಳಗೆ ದುಂಬಿ ಹೊಕ್ಕಂತೆ ಗುಂಯ್‌ಗುಡಲೇಬೇಕು. ಅದನ್ನು ತಡೆಯಲು ಚಿಕ್ಕ ಆಂಪಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಅದನ್ನು ಇನ್ನೂ ಕೂರಿಸಿರಲಿಲ್ಲ. ಸ್ವಿಚ್ಚುಗಳು ಅವನ ಕಾಲಿಗೆ ಹೊಂದುತ್ತವೋ ಇಲ್ಲವೋ ನೋಡಲೆಂದಷ್ಟೇ ಅವತ್ತು ಡಬ್ಬಿ ತಂದಿದ್ದಳು.

ಏನಾದರೂ ಮಾಡಿದ್ದೀಯಾ ಎಂದು ಕೇಳಿದಳು. ತಾನೇನು ಮಾಡಲಿ, ತನಗೆ ಬಲ್ಬು ಬದಲಾಯಿಸಲೂ ಬರುವುದಿಲ್ಲ ಎಂದು ಅವನು ನಕ್ಕ. ಅವಳು ಆಂಪ್‌ಗಳ ಹಿಂದೆ ಬಗ್ಗಿ ನೋಡಿದಳು. ಎರಡೂ ಪ್ಲಗ್ಗುಗಳಲ್ಲಿ ಮೂರು ಮೂರು ಪಿನ್ನುಗಳು ಇದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ದಿನವಿಡೀ ಕೈಯಲ್ಲಿ ಮೀಟರ್ ಹಿಡಿದು ಅನ್ನ ಸಂಪಾದಿಸುವವಳು ಅವತ್ತು ಕಂಡಷ್ಟಕ್ಕೇ ಸುಮ್ಮನಾದಳು. ಹೊಗಳಿಕೆಗೆ ಯಾರು ತಾನೇ ಉಬ್ಬುವುದಿಲ್ಲ?

ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ತಮ್ಮನ ತಂಡದವರು ಅವಳನ್ನು ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ತಮ್ಮ ಗಿಟಾರ್ ನುಡಿಸುತ್ತ ಹಾಡುವವನು. ಅವನ ಕಾಲಬುಡದಲ್ಲಿ ಎಂಟು ಪೆಡಲ್‌ಗಳು. ಒಂದು ದನಿಯನ್ನು ಒರಟು ಮಾಡುತ್ತದೆ, ಒಂದು ಪ್ರತಿಧ್ವನಿ ಕೊಡುತ್ತದೆ, ಒಂದು ಅಲೆಯಂತೆ ತೂಗಿಸುತ್ತದೆ. ಪಲ್ಲವಿಯಿಂದ ಚರಣಕ್ಕೆ ಹೋಗುವಷ್ಟರಲ್ಲಿ ಮೂರನ್ನು ಆರಿಸಿ ಎರಡನ್ನು ಹೊತ್ತಿಸಬೇಕು, ಅದೂ ಹಾಡುತ್ತಲೇ. ಒಂದು ಕಾರ್ಯಕ್ರಮದಲ್ಲಿ ತಪ್ಪು ಪೆಡಲ್ ತುಳಿದು, ಮೆಲ್ಲನೆಯ ಹಾಡಿನ ನಡುವೆ ಲಾರಿ ನುಗ್ಗಿದಂಥ ಸದ್ದು ಮಾಡಿದ್ದ. ಮನೆಗೆ ಬಂದು ಪೆಡಲ್‌ಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ ಅವನ ಹೆಂಡತಿ, ಕುಣಿಯಲಾರದವರಿಗೆ ನೆಲ ಡೊಂಕು ಎಂದುಬಿಟ್ಟಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಒಂದು ಡಬ್ಬಿ ಮಾಡಿಕೊಡುತ್ತೇನೆ ಎಂದಳು.

ಲೂಪ್ ಸ್ವಿಚರ್ ಎಂಬುದು ಅದರ ಹೆಸರು, ಮನೆಯಲ್ಲಿ ಎಲ್ಲರ ಬಾಯಲ್ಲೂ ಡಬ್ಬಿ. ಒಂದೊಂದು ಪೆಡಲೂ ಒಂದೊಂದು ಪಕ್ಕದಾರಿಯಲ್ಲಿ ಕೂರುತ್ತದೆ. ದಾರಿಯ ಬಾಗಿಲು ಕಾಯುವುದು ಒಂದು ರಿಲೇ, ಕರೆಂಟಿನಿಂದ ತಾನೇ ತಿರುಗುವ ಸ್ವಿಚ್ಚು. ಯಾವ ಹಾಡಿಗೆ ಯಾವ ಬಾಗಿಲು ತೆರೆದಿರಬೇಕೆಂದು ಮೊದಲೇ ಹೇಳಿಟ್ಟರೆ ಆಯಿತು, ಒಂದು ಸಲ ತುಳಿದರೆ ಸಾಕು. ರಿಲೇ ತಿರುಗುವಾಗ ಸ್ಪೀಕರಿನಲ್ಲಿ ಟಪ್ ಎನ್ನುತ್ತಿದ್ದುದು ಅವಳನ್ನು ವಾರಗಟ್ಟಲೆ ಕಾಡಿತ್ತು. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುವವರೆಗೆ ಮೋಟಾರು ಓಡಕೂಡದು ಎಂಬ ಕಾರ್ಖಾನೆಯ ಕಟ್ಟಳೆಯನ್ನೇ ಇಲ್ಲಿಗೂ ತಂದಳು: ಮೊದಲು ದನಿಯನ್ನು ಒಂದು ಕ್ಷಣ ಮುಚ್ಚು, ರಿಲೇ ತಿರುಗಲಿ, ಆಮೇಲೆ ಬಿಡು. ಟಪ್ ನಿಂತುಹೋಯಿತು. ಅವತ್ತು ಅವಳು ಒಬ್ಬಳೇ ಕೋಣೆಯಲ್ಲಿ ಕುಣಿದಿದ್ದಳು ಎಂದರೆ ಯಾರೂ ನಂಬಲಿಕ್ಕಿಲ್ಲ.

ಷೆಡ್ಡಿನಲ್ಲಿ ಗುಂಯ್ ಎನ್ನದಿದ್ದರೂ ಬೇರೆ ಸಭಾಂಗಣಗಳಲ್ಲಿ ಎಂದೀತು ಎಂದು ಅವಳು ಡಬ್ಬಿಯನ್ನು ಮನೆಗೆ ತಂದು ಟ್ರಾನ್ಸ್‌ಫಾರ್ಮರ್ ಕೂರಿಸಿದಳು. ಈಗ ಎರಡು ಆಂಪ್‌ಗಳ ನಡುವೆ ತಾಮ್ರದ ಒಂದೇ ಒಂದು ಎಳೆಯ ಸಂಬಂಧವೂ ಉಳಿಯಲಿಲ್ಲ. ದನಿ ಮಾತ್ರ ದಾಟುತ್ತಿತ್ತು. ಬೆಸುಗೆಗಳು ಮಣಿಗಳಂತೆ ಹೊಳೆಯುತ್ತಿದ್ದವು. ತಮ್ಮನ ಹೆಂಡತಿ ಬಂದು ಡಬ್ಬಿ ತೆಗೆದುಕೊಂಡು ಹೋದಳು.

ಅವಳೇ ಮೂರು ದಿನ ಬಿಟ್ಟು ಫೋನ್ ಮಾಡಿದಳು. ಅದೂ ಇದೂ ಮಾತಾಡಿದ ಮೇಲೆ, ಹೇಳಲೋ ಬೇಡವೋ ಎನ್ನುವಂತೆ ಕೇಳಿದಳು:

"ಅತ್ತಿಗೆ, ಹಾಡೋವಾಗ ಮೈಕ್ ಹತ್ರ ಹೋದ್ರೆ ಇವರಿಗೆ ತುಟಿ ಜುಮ್ ಅನ್ನುತ್ತಂತೆ. ಇರುವೆ ಕಚ್ಚಿದ ಹಾಗೆ. ಮೈಕಿಗೆ ಸ್ಪಂಜು ಹಾಕಿಕೊಟ್ಟಿದೀನಿ. ಡಬ್ಬಿಯಿಂದ ಏನೂ ಅಲ್ಲ ತಾನೇ?"

"ಅದು ಓಡೋದು ಒಂಬತ್ತು ವೋಲ್ಟಲ್ಲಿ ಕಣೇ. ನಾಲಿಗೆ ಇಟ್ರೂ ಏನಾಗಲ್ಲ."

ಷೆಡ್ಡಿನ ವೈರಿಂಗ್ ಹಳೆಯದು, ಮೈಕಿಗೆ ಮುತ್ತು ಕೊಡುವುದನ್ನು ಕಡಿಮೆ ಮಾಡಲು ಹೇಳು ಎಂದು ತಮಾಷೆಯನ್ನೂ ಸೇರಿಸಿದಳು. ಆ ಕಡೆಯಿಂದ ನಗು ಬರಲಿಲ್ಲ. ಸರಿ ಅತ್ತಿಗೆ, ನೀವು ಹೇಳಿದ ಮೇಲೆ ಆಯ್ತು, ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಶನಿವಾರ ತಮ್ಮನ ಕಾರ್ಯಕ್ರಮ. ಅಕ್ಕನಿಗೆ ಅವತ್ತು ಮಧ್ಯಾಹ್ನದವರೆಗೆ ಕೆಲಸವಿತ್ತು. ಸಾಗಿಸಲು ಸಿದ್ಧವಾಗಿದ್ದ ಪ್ಯಾನೆಲ್ ಒಂದಕ್ಕೆ ಕಡೆಯ ತಪಾಸಣೆ ಮಾಡುತ್ತ, ಅದರ ಬಾಗಿಲಿಗೂ ಅರ್ತ್ ಪಟ್ಟಿಗೂ ಮೀಟರಿನ ಕಡ್ಡಿಗಳನ್ನು ಹಚ್ಚಿದಳು. ಕೀಂ ಎನ್ನಬೇಕಿದ್ದ ಮೀಟರ್ ಸುಮ್ಮನಿತ್ತು. ಹಸಿರು ವಯರ್ ಇದ್ದಲ್ಲೇ ಇತ್ತು, ನೋಡಿದರೆ ಎಲ್ಲ ಸರಿಯಾಗೇ ಇತ್ತು. ಬೆರಳಿನಿಂದ ಎಳೆದಾಗ ಬೋಲ್ಟಿನಿಂದ ಸಲೀಸಾಗಿ ಕಳಚಿ ಕೈಗೆ ಬಂತು. ಯಾರೋ ಬಿಗಿ ಮಾಡುವುದನ್ನು ಮರೆತಿದ್ದರು.

ಅವಳು ಆ ವಯರನ್ನು ಹಿಡಿದುಕೊಂಡೇ ನಿಂತಳು. ಮೂರು ಪಿನ್ನುಗಳಿದ್ದ ಪ್ಲಗ್ಗು. ಅದರ ಒಳಗೇನಿದೆ ಎಂದು ಅವಳು ನೋಡಿರಲಿಲ್ಲ. ಎರಡರಲ್ಲಿ ಒಂದು ಆಂಪ್ ನೆಲ ಮುಟ್ಟಿಲ್ಲವಾದರೆ ಸುತ್ತು ಆಗುವುದಿಲ್ಲ, ಸುತ್ತು ಆಗದಿದ್ದರೆ ಗುಂಯ್ ಎನ್ನುವುದಿಲ್ಲ. ಷೆಡ್ಡಿನ ನಿಶ್ಶಬ್ದ ಅವಳ ಕೈಗುಣವಾಗಿರಲಿಲ್ಲ. ಆದರೂ ಟ್ರಾನ್ಸ್‌ಫಾರ್ಮರ್ ಕೂರಿಸುವವರೆಗೆ ಅವನಿಗೇನೂ ಆಗಿರಲಿಲ್ಲ, ಯಾಕೆಂದರೆ ಹಳೆಯ ಆಂಪಿನಿಂದ ಸೋರಿದ ಕರೆಂಟು ಕೇಬಲ್ಲಿನ ಮೈಮೇಲಿನ ಜಾಲರಿ ಹಿಡಿದು ಚಿಕ್ಕ ಆಂಪಿನ ಅರ್ತಿಗೆ ಇಳಿದುಹೋಗುತ್ತಿತ್ತು. ಉಳಿದಿದ್ದ ಆ ಒಂದು ದಾರಿಯನ್ನು ಅವಳ ಟ್ರಾನ್ಸ್‌ಫಾರ್ಮರ್ ಕತ್ತರಿಸಿ ಹಾಕಿತ್ತು. ಈಗ ಆ ಕರೆಂಟಿಗೆ ನೆಲ ಸೇರಲು ಇದ್ದ ದಾರಿ ತಂತಿ ಹಿಡಿದ ಕೈಯಿಂದ ಮೈಕ್ ಮುಟ್ಟಿದ ತುಟಿಗೆ, ತುಟಿಯಿಂದ ಮೈಕಿನ ಅರ್ತಿಗೆ.

ಅಕ್ಕ ವಯರನ್ನು ಅಲ್ಲೇ ಬಿಟ್ಟಳು. ತಮ್ಮನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಅವನ ಹೆಂಡತಿಯೂ ಎತ್ತಲಿಲ್ಲ. ಮೇಲ್ವಿಚಾರಕರಿಗೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಸ್ಕೂಟರ್ ಹತ್ತಿ, ಏನೂ ಆಗಿರಲ್ಲ, ಏನೂ ಆಗಿರಲ್ಲ ಎಂದು ದಾರಿಯುದ್ದಕ್ಕೂ ಬಡಬಡಿಸುತ್ತ ಹೋದಳು.

ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಖಾಲಿ. ವೇದಿಕೆಯ ಮೇಲೆ ಮೈಕ್ ಪರೀಕ್ಷೆ ನಡೆದಿತ್ತು. ತಮ್ಮ ಗಿಟಾರ್ ನುಡಿಸುತ್ತ ಕಣ್ಣು ಮುಚ್ಚಿ ನಿಂತಿದ್ದ. ಸಭಾಂಗಣದವರದೇ ಮೈಕ್, ಹೊಳೆಯುವ ಲೋಹದ ಜಾಲರಿಯದು, ಸ್ಪಂಜು ಇರಲಿಲ್ಲ. ಅಕ್ಕ ಕೂಗಿದಳು. ಎರಡು ಆಂಪ್‌ಗಳ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಅವನು ಹಾಡಲು ಮುಂದೆ ಬಗ್ಗಿದ.

ಹಾಡಿನ ಬದಲು ಸ್ಪೀಕರುಗಳಿಂದ ಗುಂಯ್ ಎಂದು ಒಂದೇ ಸದ್ದು ಬಂತು. ತಮ್ಮನ ಬಾಯಿ ಮೈಕಿಗೆ ಅಂಟಿಕೊಂಡಿತ್ತು, ಎಡಗೈ ಗಿಟಾರಿನ ಕತ್ತನ್ನು ಬಿಗಿಯಾಗಿ ಹಿಡಿದಿತ್ತು, ಅವನ ಕತ್ತಿನ ನರಗಳು ಎದ್ದಿದ್ದವು. ಡ್ರಮ್ಮಿನವನು ಅವನ ಕಡೆ ಓಡುವುದನ್ನು ಕಂಡು, ಮುಟ್ಟಬೇಡ ಎಂದು ಅಕ್ಕ ಕಿರುಚಿದಳು. ತಾನು ತಮ್ಮನ ಪಕ್ಕದಲ್ಲೇ ಹಾದು, ಅವನನ್ನು ಮುಟ್ಟದೆ ಹಾದು, ಆಂಪ್‌ಗಳ ಹಿಂದೆ ಹೋಗಿ ಕೈಗೆ ಸಿಕ್ಕ ಪ್ಲಗ್ಗುಗಳನ್ನೆಲ್ಲ ಕಿತ್ತಳು. ಅವನು ಮೈಕ್ ಸಮೇತ ಬಿದ್ದ.

ಉಸಿರು ಇತ್ತು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಬಿಟ್ಟ, ನೀರು ಕೇಳಿದ. ಕೆಳತುಟಿಯ ಮೇಲೆ ಜಾಲರಿಯ ಬಿಳಿಯ ಗುರುತು ಬಿದ್ದಿತ್ತು. ಯಾರೋ ಹತ್ತಿರದ ವೈದ್ಯರನ್ನು ಕರೆತಂದರು. ಅವರು ಎದೆ ಪರೀಕ್ಷಿಸಿ, ಕೈ ಹಿಡಿದು ನೋಡಿ, ಪುಣ್ಯ ಇತ್ತು, ಈಗಲೇ ಆಸ್ಪತ್ರೆಗೆ ಹೋಗಿ ಒಂದು ಇಸಿಜಿ ಮಾಡಿಸಿ ಎಂದರು. ತಮ್ಮ, ಹಾಡು ಮುಗಿಸಿಯೇ ಬರುತ್ತೇನೆ ಎಂದು ಹಟ ಹಿಡಿದ. ಅವನ ಹೆಂಡತಿ ಇಸ್ತ್ರಿ ಮಾಡಿದ ಅಂಗಿಯನ್ನು ಹಿಡಿದುಕೊಂಡು ಬಂದವಳು, ಅದನ್ನು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕ ಕುಳಿತಿದ್ದಳು.

ಅಕ್ಕ ಹಳೆಯ ಆಂಪಿನ ಪ್ಲಗ್ ಬಿಚ್ಚಿದಳು. ಒಳಗೆ ಹಸಿರು ವಯರನ್ನು ನೀಟಾಗಿ ಕತ್ತರಿಸಿ, ತುದಿಗೆ ಟೇಪು ಸುತ್ತಿ ಮಡಚಿಡಲಾಗಿತ್ತು. ಡ್ರಮ್ಮಿನವನ ಮುಖ ಕಪ್ಪಿಟ್ಟಿತು. ಯಾರೂ ಕೇಳದಿದ್ದರೂ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ತೊದಲಿದ.

"ನಾನೇ ಇವನ ಕೈಲಿ ಮಾಡಿಸಿದ್ದು ಅಕ್ಕ," ಎಂದ ತಮ್ಮ. "ಚಿಕ್ಕದು ತಂದಾಗ ತುಂಬಾ ಗುಂಯ್ ಅಂತಿತ್ತು. ಆಮೇಲೆ ಮರೆತೇಹೋಯ್ತು. ನಿಂದೇನೂ ತಪ್ಪಿಲ್ಲ."

ಅಲ್ಲಿಗೆ ಅದು ಮುಗಿಯಬಹುದಿತ್ತು. ಎಲ್ಲರೂ ಒಪ್ಪಿಕೊಂಡಿದ್ದರು. ಎದೆಯ ಮೇಲಿಂದ ಕಲ್ಲು ಇಳಿಸಿದಂತಾಗಿ ಅಕ್ಕನಿಗೆ ಅಳು ಬಂತು. ಆ ನಿರಾಳವೇ ಅವಳಿಗೆ ಅಸಹ್ಯವೆನಿಸಿತು.

"ವಯರ್ ಕತ್ತರಿಸಿ ತಿಂಗಳುಗಳೇ ಆಯ್ತಲ್ಲೋ," ಎಂದಳು. "ಆಗೆಲ್ಲ ಯಾಕೆ ಹೊಡೀಲಿಲ್ಲ? ಅದು ಇಳಿದುಹೋಗ್ತಿದ್ದ ಇನ್ನೊಂದು ದಾರಿಯನ್ನ ನಾನು ಮುಚ್ಚಿದೆ. ಡಬ್ಬಿಯೊಳಗೆ. ಅದಕ್ಕೇ ಜುಮ್ ಅಂದಿದ್ದು."

ತಮ್ಮನ ಹೆಂಡತಿ ತಲೆಯೆತ್ತಿ ಅವಳನ್ನು ನೋಡಿದಳು.

ಕಾರ್ಯಕ್ರಮ ಸಂಜೆಗಿತ್ತು. ಹಳೆಯ ಆಂಪ್ ಇಲ್ಲದೆ ನಾನು ನಾನಲ್ಲ ಎಂದು ತಮ್ಮ ಗೋಗರೆದ. ಅಕ್ಕ ಅದರ ಹಿಂಬದಿ ತೆರೆದಳು. ಆಫ್ ಮಾಡಿದ ಮೇಲೂ ಒಳಗೆ ಉಳಿದಿದ್ದ ಕರೆಂಟನ್ನು ಇಳಿಸಿ, ಸೋರುತ್ತಿದ್ದ ಹಳೆಯ ಕೆಪಾಸಿಟರನ್ನು ಕತ್ತರಿಸಿ ತೆಗೆದಳು. ಹಸಿರು ವಯರನ್ನು ಹೊಸ ಪ್ಲಗ್ಗಿಗೆ ಸೇರಿಸಿ ತಿರುಪು ಬಿಗಿದು ಎಳೆದು ನೋಡಿದಳು. ಆಂಪ್ ಆನ್ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ತಂತಿಗೂ ಇನ್ನೊಂದನ್ನು ಮೈಕಿಗೂ ಹಿಡಿದಳು. ಸೊನ್ನೆ. ಮತ್ತೆ ಹಿಡಿದಳು. ಸೊನ್ನೆಯೇ. ಎರಡು ಆಂಪ್‌ಗಳೂ ನೆಲ ಮುಟ್ಟಿದ್ದವು, ಆದರೂ ಗುಂಯ್ ಎನ್ನುತ್ತಿರಲಿಲ್ಲ. ಡಬ್ಬಿ ಅವಳು ಎಣಿಸಿದಂತೆಯೇ ಕೆಲಸ ಮಾಡುತ್ತಿತ್ತು.

ಆಯ್ತು, ಇನ್ನು ಭಯವಿಲ್ಲ ಎಂದು ಅಕ್ಕ ಹೇಳಿದಳು. ತಮ್ಮ ಎದ್ದು ಗಿಟಾರಿಗೆ ಕೈ ಚಾಚಿದ. ಅವನ ಹೆಂಡತಿ ಅದಕ್ಕೆ ಮೊದಲೇ ಎದ್ದು ಗಿಟಾರ್ ಎತ್ತಿಕೊಂಡು, ಅಕ್ಕನ ಎದುರಿಗೆ ಬಂದು ನಿಂತಳು.

"ಮೊದಲು ನೀವು ಮುಟ್ಟಿ ಅತ್ತಿಗೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಏನೇ ಇದು ಎಂದು ತಮ್ಮ ಗದರಲು ಹೋದ. ಅವಳು ಅವನತ್ತ ತಿರುಗಲಿಲ್ಲ. ಅಕ್ಕ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಳು. ಗಿಟಾರ್ ಅವಳು ಎಣಿಸಿದ್ದಕ್ಕಿಂತ ಭಾರವಿತ್ತು. ಮೀಟರ್ ಸೊನ್ನೆ ತೋರಿಸಿದ್ದನ್ನು ಎರಡು ಸಲ ಕಣ್ಣಾರೆ ಕಂಡಿದ್ದಳು. ಆದರೂ ಬೆರಳುಗಳು ಮಾತು ಕೇಳಲಿಲ್ಲ, ಒಂದೊಂದನ್ನೇ ತಂತಿಯ ಮೇಲೆ ಇಳಿಸಬೇಕಾಯಿತು. ಅಂಗೈ ಪೂರ್ತಿ ಒತ್ತಿದ ಮೇಲೆ ಮುಂದೆ ಬಗ್ಗಿ, ಜಾಲರಿಗೆ ತುಟಿ ತಾಗಿಸಿದಳು.

ಲೋಹ ತಣ್ಣಗಿತ್ತು. ಅವಳು ತುಟಿ ತೆಗೆಯಲು ಹೋದಳು.

"ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಿ," ಎಂದಳು ತಮ್ಮನ ಹೆಂಡತಿ.

ಅಕ್ಕ ಹಾಗೇ ಇದ್ದಳು. ದೊಡ್ಡ ಸ್ಪೀಕರುಗಳಲ್ಲಿ ಅವಳ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಖಾಲಿ ಕುರ್ಚಿಗಳ ಕಡೆಯ ಸಾಲಿನವರೆಗೂ ಕೇಳಿಸುತ್ತಿತ್ತು.